ಏರ್‌ಸಾಫ್ಟ್ ಗನ್ನಿನ ಕನೆಕ್ಟರ್ ದೋಷ: ಪತ್ತೆ ಹಚ್ಚುವುದು, ಹೊಸದನ್ನು ಆರಿಸುವುದು, ಸರಿಯಾಗಿ ಬೆಸೆಯುವುದು

ಬ್ಯಾಟರಿಯಿಂದ ಓಡುವ ಏರ್‌ಸಾಫ್ಟ್ ಗನ್ (ಬಿಬಿ ಎಂಬ ಪುಟ್ಟ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್) ನಿಧಾನವಾದರೆ ಹೆಚ್ಚಿನವರಿಗೆ ಮೊದಲು ಅನುಮಾನ ಬರುವುದು ಮೋಟರ್ ಮೇಲೆ, ಆಮೇಲೆ ಬ್ಯಾಟರಿ ಮೇಲೆ. ಎರಡನ್ನೂ ಬದಲಿಸಿದರೂ ಗನ್ ಹಾಗೇ ಎಳೆದಾಡುತ್ತಿದ್ದರೆ ಆಗ ಕನೆಕ್ಟರ್ ನೆನಪಾಗುತ್ತದೆ. ಈ ಕ್ರಮವನ್ನು ತಿರುಗಿಸಬೇಕು. ಬ್ಯಾಟರಿಗೂ ಗನ್ನಿಗೂ ನಡುವಿನ ಆ ಪುಟ್ಟ ಪ್ಲಗ್ಗನ್ನು ಪರೀಕ್ಷಿಸಲು ಒಂದು ಮಲ್ಟಿಮೀಟರ್ ಮತ್ತು ಹತ್ತು ನಿಮಿಷ ಸಾಕು, ಗೇರ್‌ಬಾಕ್ಸ್ ಬಿಚ್ಚಬೇಕಾಗಿಲ್ಲ.

ಗನ್ ಓಡುವಾಗ ಸಾಮಾನ್ಯವಾಗಿ 15ರಿಂದ 25 ಆಂಪ್ ಕರೆಂಟ್ ಎಳೆಯುತ್ತದೆ. ನಿಂತ ಮೋಟರ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು. ಇಷ್ಟು ಕರೆಂಟ್ ಹರಿಯುವಾಗ ತೀರಾ ಚಿಕ್ಕ ರೆಸಿಸ್ಟೆನ್ಸ್ ಕೂಡ ದೊಡ್ಡ ನಷ್ಟ ಮಾಡುತ್ತದೆ. ಜೋಡಣೆಯಲ್ಲಿ 50 ಮಿಲಿಓಮ್ ಇದೆ ಎಂದುಕೊಳ್ಳಿ. 20 ಆಂಪ್‌ಗೆ ಅಲ್ಲೇ 1 ವೋಲ್ಟ್ ಕಳೆದುಹೋಯಿತು, ಆ ಒಂದು ಜಾಗದಲ್ಲೇ 20 ವ್ಯಾಟ್ ಶಾಖ ಹುಟ್ಟಿತು. 7.4 ವೋಲ್ಟ್‌ನ ಬ್ಯಾಟರಿಯಲ್ಲಿ 1 ವೋಲ್ಟ್ ಅಂದರೆ ಮೋಟರ್‌ಗೆ ಸಿಗಬೇಕಾದದ್ದರಲ್ಲಿ ಏಳನೇ ಒಂದು ಪಾಲಿನಷ್ಟು. ಕನೆಕ್ಟರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು, ಪಿನ್ ವಾಲುವುದು ಎಲ್ಲ ಇದರ ಫಲ.

ಶುರುಮಾಡುವ ಮೊದಲು

ಮ್ಯಾಗಜಿನ್ ತೆಗೆಯಿರಿ. ಒಳಗೆ ಉಳಿದ ಬಿಬಿ ಹೊರಹೋಗುವ ಹಾಗೆ ಸುರಕ್ಷಿತ ದಿಕ್ಕಿಗೆ ಒಂದೆರಡು ಸಲ ಹಾರಿಸಿ. ಗನ್ ಓಡಿಸಿ ಅಳೆಯುವಾಗಲೂ ಬೆಸುಗೆ ಹಾಕುವಾಗಲೂ ಕಣ್ಣಿಗೆ ಕನ್ನಡಕ ಇರಲಿ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಉಬ್ಬಿದ್ದರೆ ಅಥವಾ ಯಾವುದಾದರೂ ಸೆಲ್ 3 ವೋಲ್ಟ್‌ಗಿಂತ ಕೆಳಗಿದ್ದರೆ ಅದನ್ನು ಈ ಪರೀಕ್ಷೆಗೆ ಬಳಸಬೇಡಿ. ಅದರ ಮೇಲೆ ಹೊಸ ಕನೆಕ್ಟರ್ ಬೆಸೆಯುವ ಶ್ರಮವೂ ವ್ಯರ್ಥ.

ಲಕ್ಷಣದಿಂದ ಜಾಗ ಗುರುತಿಸುವುದು

ಹತ್ತಿಪ್ಪತ್ತು ಸಲ ಬಿಟ್ಟುಬಿಟ್ಟು ಹಾರಿಸಿ, ಬ್ಯಾಟರಿ ಕಳಚಿ, ಕೂಡಲೇ ಬೆರಳಿಂದ ಮುಟ್ಟಿ ನೋಡಿ. ಎಲ್ಲಿ ಬಿಸಿ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಕನೆಕ್ಟರಿನ ಒಂದು ಪಕ್ಕ ಮಾತ್ರ ಸುಡುತ್ತಿದ್ದರೆ ಆ ಪಕ್ಕದ ಬೆಸುಗೆಯೋ ಪಿನ್ನೋ ಕೆಟ್ಟಿದೆ. ಎರಡೂ ಪಕ್ಕ ಒಂದೇ ಸಮ ಬಿಸಿಯಾಗಿದ್ದರೆ ಆ ಕನೆಕ್ಟರಿಗೆ ಈ ಕರೆಂಟ್ ಹೊರುವ ಶಕ್ತಿ ಇಲ್ಲ. ವೈರ್ ಉದ್ದಕ್ಕೂ ಬೆಚ್ಚಗಿದ್ದರೆ ವೈರ್ ಸಣ್ಣದಾಯಿತು, ಇಲ್ಲವೇ ಗನ್ ಹೆಚ್ಚು ಕರೆಂಟ್ ಎಳೆಯುತ್ತಿದೆ. ಕನೆಕ್ಟರ್ ತಣ್ಣಗಿದ್ದು ಮೋಟರ್ ಮಾತ್ರ ಕಾದಿದ್ದರೆ ಕನೆಕ್ಟರಿನ ಗೋಜಿಗೆ ಹೋಗಬೇಡಿ. ಮೋಟರಿನ ಎತ್ತರ ಮತ್ತು ಗೇರ್ ಬಿಗಿತ ನೋಡಬೇಕಾದ ಪ್ರಕರಣ ಅದು.

ಶುರುವಿನಲ್ಲಿ ಚೆನ್ನಾಗಿ ಓಡಿ ಸ್ವಲ್ಪ ಹೊತ್ತಿಗೆ ಸೊರಗುವ ಗನ್, ತುಸು ಬಿಟ್ಟು ಮತ್ತೆ ಸರಿಯಾದರೆ ಅನುಮಾನ ಕನೆಕ್ಟರಿನ ಮೇಲೇ. ಬಿಸಿಯಾದಂತೆ ಸ್ಪ್ರಿಂಗ್ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಹಿಡಿತ ಸಡಿಲವಾದಂತೆ ಇನ್ನಷ್ಟು ಬಿಸಿಯಾಗುತ್ತದೆ. ವೈರ್ ಅಲುಗಾಡಿಸಿದಾಗ ಓಡಿ, ಬಿಟ್ಟಾಗ ನಿಂತರೆ ಲೂಸ್ ಕಾಂಟ್ಯಾಕ್ಟ್. ಮಿನಿ ತಮಿಯಾ (ಅನೇಕ ಗನ್‌ಗಳಿಗೆ ಕಾರ್ಖಾನೆಯಲ್ಲೇ ಹಾಕಿರುವ ಚಿಕ್ಕ ಪ್ಲಗ್) ಆದರೆ ಪಿನ್ ಹೌಸಿಂಗ್‌ನಿಂದ, ಅಂದರೆ ಪ್ಲಾಸ್ಟಿಕ್ ಕವಚದಿಂದ, ಹಿಂದಕ್ಕೆ ಸರಿದಿದೆಯೇ ನೋಡಿ, ಬೆಸೆದ ಕನೆಕ್ಟರ್ ಆದರೆ ಬೆಸುಗೆ ಮುಗಿದು ಇನ್ಸುಲೇಶನ್ ಶುರುವಾಗುವ ಅಂಚಿನಲ್ಲಿ ಎಳೆಗಳು ಮುರಿದಿವೆಯೇ ನೋಡಿ.

ಟ್ರಿಗರ್ ಒತ್ತದೆ ಬ್ಯಾಟರಿ ಚುಚ್ಚಿದ ಕೂಡಲೇ ಜೋರಾಗಿ ಕಿಡಿ ಹಾರಿದರೆ ಅಲ್ಲಿಗೇ ನಿಲ್ಲಿಸಿ. ಮಾಸ್‌ಫೆಟ್ (ಟ್ರಿಗರ್ ಕಾಂಟ್ಯಾಕ್ಟ್ ಬದಲು ಮೋಟರಿನ ಕರೆಂಟನ್ನು ಹಾಯಿಸಿ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಇಲ್ಲದ ಗನ್ನಿನಲ್ಲಿ ಟ್ರಿಗರ್ ಒತ್ತುವ ತನಕ ಕರೆಂಟ್ ಹರಿಯಲೇಬಾರದು. ಕಿಡಿ ಬಂತೆಂದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಟ್ರಿಗರ್ ಕಾಂಟ್ಯಾಕ್ಟ್ ಅಂಟಿಕೊಂಡಿದೆ.

ಬೀಪ್ ಶಬ್ದವನ್ನು ನಂಬಬೇಡಿ

ಇಲ್ಲೇ ಹೆಚ್ಚು ಜನ ದಾರಿ ತಪ್ಪುವುದು. ಮೀಟರನ್ನು ಕಂಟಿನ್ಯುಟಿಗೆ (ಜೋಡಣೆ ಕಡಿದಿದೆಯೇ ಎಂದು ನೋಡುವ ಪರೀಕ್ಷೆಗೆ) ಇಟ್ಟು ಕನೆಕ್ಟರಿನ ಎರಡು ಬದಿ ಮುಟ್ಟಿಸುತ್ತಾರೆ, ಬೀಪ್ ಅನ್ನುತ್ತದೆ, ಕನೆಕ್ಟರ್ ಸರಿಯಿದೆ ಎಂದು ಬಿಡುತ್ತಾರೆ. ಮೀಟರ್ ಆ ಪರೀಕ್ಷೆಗೆ ಕಳಿಸುವುದು ಮಿಲಿಆಂಪ್ ಲೆಕ್ಕದ ಕರೆಂಟ್. ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಓಮ್ ರೇಂಜ್‌ನಲ್ಲಿಟ್ಟರೂ ಅಷ್ಟೇ: ಸಾಧಾರಣ ಮೀಟರಿನ ಎರಡು ಪ್ರೋಬ್ ವೈರುಗಳದ್ದೇ 0.1ರಿಂದ 0.5 ಓಮ್ ಇರುತ್ತದೆ. ನಾವು ಹುಡುಕುತ್ತಿರುವುದು ಅದರ ಹತ್ತನೇ ಒಂದು ಪಾಲಿಗಿಂತ ಚಿಕ್ಕದನ್ನು. ಬೀಪ್ ಬಾರದಿದ್ದರೆ ಜೋಡಣೆ ಕಡಿದಿದೆ ಎಂದು ಖಚಿತ. ಬಂದರೆ ಏನೂ ಖಚಿತವಲ್ಲ.

ಆದ್ದರಿಂದ ಗನ್ ಓಡುತ್ತಿರುವಾಗಲೇ ಅಳೆಯಬೇಕು, ಓಮ್ ಅಲ್ಲ, ವೋಲ್ಟ್.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಜೋಡಿಸಿ. ಮೀಟರನ್ನು ಡಿಸಿ 2 ವೋಲ್ಟ್ ರೇಂಜ್‌ನಲ್ಲಿಡಿ. ಕೆಂಪು ವೈರಿನ ಜೋಡಣೆಯನ್ನೇ ಮೊದಲು ತೆಗೆದುಕೊಳ್ಳೋಣ: ಒಂದು ಪ್ರೋಬ್ ಬ್ಯಾಟರಿ ಕಡೆಯ ಕೆಂಪು ವೈರ್ ಕನೆಕ್ಟರಿನೊಳಗೆ ಹೋಗುವ ಜಾಗಕ್ಕೆ, ಇನ್ನೊಂದು ಗನ್ ಕಡೆಯ ಕೆಂಪು ವೈರ್ ಹೊರಬರುವ ಜಾಗಕ್ಕೆ. ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಜೋಡಣೆಯನ್ನು ಮುಚ್ಚುವ ಪ್ಲಾಸ್ಟಿಕ್ ಕೊಳವೆ) ಅಡ್ಡ ಬಂದರೆ ಪ್ರೋಬ್‌ಗೆ ಹೊಲಿಗೆ ಸೂಜಿ ಕಟ್ಟಿ ಅದರ ಮೂಲಕ ಚುಚ್ಚಿ. ಸೂಜಿ ಪಕ್ಕದ ಕಪ್ಪು ವೈರಿಗೆ ತಾಗದಂತೆ ಎಚ್ಚರ ಇರಲಿ, ತಾಗಿದರೆ ಬ್ಯಾಟರಿಯೇ ಶಾರ್ಟ್ ಆಗುತ್ತದೆ. ಈಗ ಆಟೊದಲ್ಲಿ (ಟ್ರಿಗರ್ ಹಿಡಿದಷ್ಟು ಹೊತ್ತು ಹಾರುತ್ತಲೇ ಇರುವ ಸ್ಥಿತಿಯಲ್ಲಿ) ಎರಡು ಮೂರು ಸೆಕೆಂಡ್ ಟ್ರಿಗರ್ ಹಿಡಿದು ಓದಿ. ಬಳಿಕ ಕಪ್ಪು ವೈರಿಗೂ ಹೀಗೇ ಮಾಡಿ. ಗನ್ ಎಳೆಯುವ ಕರೆಂಟ್ ಏರುತ್ತ ಇಳಿಯುತ್ತ ಇರುವುದರಿಂದ ಮೀಟರ್ ತೋರಿಸುವುದು ಸರಾಸರಿ. ನಮ್ಮ ಕೆಲಸಕ್ಕೆ ಅದು ಸಾಕು.

ಒಳ್ಳೆಯ ಕನೆಕ್ಟರ್, ಒಳ್ಳೆಯ ಬೆಸುಗೆ ಇದ್ದರೆ ಒಂದು ಕಡೆಗೆ 0.02ರಿಂದ 0.05 ವೋಲ್ಟ್ ಒಳಗೆ ಬರುತ್ತದೆ. 0.1 ದಾಟಿದರೆ ಬಿಚ್ಚಿ ನೋಡಬೇಕು. 0.3 ಬಂತೆಂದರೆ ನೋಡುವುದೇನೂ ಉಳಿದಿಲ್ಲ, ಕತ್ತರಿಸಿ ಹೊಸದು ಹಾಕಿ. 20 ಆಂಪ್‌ಗೆ ಆ ಒಂದು ಪಿನ್ 6 ವ್ಯಾಟ್ ಸುಡುತ್ತಿದೆ.

ಲಿಪೊ ಬ್ಯಾಟರಿಯಾದರೆ ಇನ್ನೊಂದು ಅಳತೆಯೂ ಸಿಗುತ್ತದೆ. ಬ್ಯಾಲೆನ್ಸ್ ಪ್ಲಗ್ಗಿನ (ಚಾರ್ಜ್ ಮಾಡುವಾಗ ಪ್ರತಿ ಸೆಲ್ಲನ್ನು ಬೇರೆಯಾಗಿ ನೋಡಲು ಇರುವ ಸಣ್ಣ ಪ್ಲಗ್ಗಿನ) ಎರಡು ತುದಿಯ ಪಿನ್‌ಗಳಲ್ಲಿ ಇಡೀ ಪ್ಯಾಕಿನ ವೋಲ್ಟೇಜ್ ಇರುತ್ತದೆ. ಗನ್ ಓಡುವಾಗ ಆ ಸಣ್ಣ ವೈರುಗಳಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಅಲ್ಲಿ ಕಾಣುವುದು ಸೆಲ್‌ಗಳ ನಿಜವಾದ ವೋಲ್ಟೇಜ್. ಟ್ರಿಗರ್ ಹಿಡಿದಾಗ ಅಲ್ಲಿ 7.6 ಇದ್ದು, ಕನೆಕ್ಟರ್ ದಾಟಿ ಗನ್ ಕಡೆಯ ಕೆಂಪು ಕಪ್ಪು ವೈರುಗಳ ನಡುವೆ 6.9 ಇದ್ದರೆ ಕನೆಕ್ಟರ್ ಮತ್ತು ಬ್ಯಾಟರಿ ವೈರ್ ಸೇರಿ 0.7 ವೋಲ್ಟ್ ತಿಂದಿವೆ. ಬ್ಯಾಲೆನ್ಸ್ ಪ್ಲಗ್ಗಿನಲ್ಲೇ 6ಕ್ಕೆ ಕುಸಿದರೆ ದೋಷ ಬ್ಯಾಟರಿಯದ್ದು. ಸಿ ಎಂಬ ಸಂಖ್ಯೆ ಹೇಳುವುದು ಪ್ಯಾಕಿನ ಆಂಪ್-ಅವರ್ ಸಾಮರ್ಥ್ಯದ ಎಷ್ಟು ಪಟ್ಟು ಆಂಪ್ ಕೊಡಬಲ್ಲದು ಎಂದು. 1000 ಎಂಎಎಚ್ (ಅಂದರೆ 1 ಆಂಪ್-ಅವರ್), 15ಸಿ ಎಂದು ಬರೆದ ಪ್ಯಾಕ್ ಕಾಗದದ ಮೇಲೂ ಕೊಡಬಲ್ಲದ್ದು 15 ಆಂಪ್ ಮಾತ್ರ. 1300 ಎಂಎಎಚ್, 20ಸಿ ಆದರೆ 26 ಆಂಪ್.

ಯಾವ ಕನೆಕ್ಟರ್ ಹಾಕಬೇಕು

ಅನೇಕ ಗನ್‌ಗಳು ಕಾರ್ಖಾನೆಯಿಂದ ಮಿನಿ ತಮಿಯಾ ಹಾಕಿಕೊಂಡು ಬರುತ್ತವೆ. ತೆಳು ತಗಡನ್ನು ಸುತ್ತಿ ಮಾಡಿದ ಅದರ ಪಿನ್ ಕಡಿಮೆ ಶಕ್ತಿಯ ನಿಕಲ್ ಬ್ಯಾಟರಿಯೊಂದಿಗೆ ಹೇಗೋ ನಿಭಾಯಿಸುತ್ತದೆ. ಗಟ್ಟಿ ಸ್ಪ್ರಿಂಗ್, 11.1 ವೋಲ್ಟ್ ಲಿಪೊ ಬಂದಾಗ ಸೋಲುತ್ತದೆ. ಹತ್ತಾರು ಸಲ ಹಾಕಿ ತೆಗೆದ ಮೇಲೆ ಸಾಕೆಟ್ ಅಗಲವಾಗುತ್ತದೆ, ಪಿನ್ನನ್ನು ಹೌಸಿಂಗ್‌ನಲ್ಲಿ ಹಿಡಿದಿಡುವ ಚಿಕ್ಕ ಮುಳ್ಳು ಮಡಚಿಕೊಳ್ಳುತ್ತದೆ. ಮುಳ್ಳನ್ನು ಮೇಲೆತ್ತಿ, ಸಾಕೆಟ್ಟನ್ನು ಮೆಲ್ಲಗೆ ಒತ್ತಿ ಬಿಗಿ ಮಾಡಿದರೆ ಒಂದು ದಿನದ ಆಟಕ್ಕೆ ಆಗುತ್ತದೆ, ಶಾಶ್ವತ ಪರಿಹಾರವಲ್ಲ. ತಮಿಯಾ ಪಿನ್‌ಗೆ ಬೆಸುಗೆ ಸುರಿಯುವುದೂ ಬೇಡ. ಬೆಸುಗೆ ಹರಿದು ಮುಂದಿನ ಸ್ಪ್ರಿಂಗ್ ಭಾಗಕ್ಕೆ ಹೋದರೆ ಪಿನ್ ಮತ್ತೆ ಹಿಡಿಯುವುದೇ ಇಲ್ಲ.

ಜಾಗ ಇದ್ದರೆ ಎಕ್ಸ್‌ಟಿ60 ಹಾಕಿ. ಒಳಗೆ 3.5 ಮಿಲಿಮೀಟರಿನ ದುಂಡು ಪಿನ್, ಬೆಸೆಯಲು ವಿಶಾಲವಾದ ಬಟ್ಟಲು, ತಿರುಗುಮುರುಗಾಗಿ ಚುಚ್ಚಲು ಆಗದ ಆಕಾರ. ಬಫರ್ ಟ್ಯೂಬಿನಂಥ (ಗನ್ನಿನ ಹಿಂಬದಿಯ ಸಣ್ಣ ಕೊಳವೆಯಂಥ) ಇಕ್ಕಟ್ಟಿನಲ್ಲಿ ಇದು ಹಿಡಿಸದು, ಅಲ್ಲಿ ಎಕ್ಸ್‌ಟಿ30. ಹೆಸರಿನ 60, 30 ಎಂಬ ಸಂಖ್ಯೆಗಳು ಕ್ಷಣಕಾಲಕ್ಕೆ ತಡೆಯುವ ಆಂಪ್ ಲೆಕ್ಕ, ನಿರಂತರವಾಗಿ ಹೊರುವುದು ಸುಮಾರು ಅದರರ್ಧ. ಗನ್ ಓಡುವುದು ಬಿಟ್ಟುಬಿಟ್ಟು ಕೆಲವೇ ಸೆಕೆಂಡುಗಳಾದ್ದರಿಂದ ಸಾಮಾನ್ಯ ಗನ್ನಿಗೆ ಎಕ್ಸ್‌ಟಿ30 ಕೂಡ ಸಾಕಾಗುತ್ತದೆ. ಡೀನ್ಸ್, ಅಂದರೆ ಟಿ-ಪ್ಲಗ್, ಕರೆಂಟ್ ಹೊರುವುದರಲ್ಲಿ ಕಡಿಮೆಯೇನಲ್ಲ. ಆದರೆ ಅದಕ್ಕೆ ಬಟ್ಟಲಿಲ್ಲ, ಚಪ್ಪಟೆ ಪಟ್ಟಿಯ ಮೇಲೆ ವೈರ್ ಮಲಗಿಸಿ ಬೆಸೆಯಬೇಕು. ಹೊಸಬರ ಕೈಗೆ ಅದು ಕಷ್ಟ. ಅಗ್ಗದ ನಕಲಿ ಟಿ-ಪ್ಲಗ್ಗುಗಳಲ್ಲಿ ಬೆಸುಗೆ ಹಾಕುವ ಐರನ್ ತಾಗಿದೊಡನೆ ಪ್ಲಾಸ್ಟಿಕ್ ಕರಗಿ ಪಟ್ಟಿ ವಾಲುತ್ತದೆ, ಆಮೇಲೆ ಜೋಡಿ ಸೇರುವುದೇ ಇಲ್ಲ.

ಏನೇ ಆರಿಸಿದರೂ ಎಲ್ಲ ಬ್ಯಾಟರಿಗಳಿಗೂ ಚಾರ್ಜರಿನ ವೈರಿಗೂ ಅದನ್ನೇ ಹಾಕಿ. ಅಡಾಪ್ಟರ್ ಹಾಕಿಕೊಂಡು ಓಡಿಸಿದರೆ ಪ್ರತಿ ವೈರಿನ ದಾರಿಯಲ್ಲಿ ಇನ್ನೊಂದು ಪಿನ್ ಜೋಡಿ, ಇನ್ನೆರಡು ಬೆಸುಗೆ ಸೇರಿದಂತಾಯಿತು. ಬದಲಿಸಿದ್ದರ ಲಾಭ ಅಲ್ಲೇ ಹೋಯಿತು.

ಬ್ಯಾಟರಿ ಕಡೆ ಯಾವಾಗಲೂ ಲೋಹ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಕೊಂಡಿರುವ ಸಾಕೆಟ್ ಇರಬೇಕು, ಪಿನ್ ಇರುವ ಅರ್ಧ ಗನ್ ಕಡೆಗೆ. ಅದಲುಬದಲಾದರೆ ಬ್ಯಾಗಿನಲ್ಲಿರುವ ಯಾವುದಾದರೂ ಲೋಹದ ಚೂರು ಬ್ಯಾಟರಿಯನ್ನು ಶಾರ್ಟ್ ಮಾಡಬಲ್ಲದು.

ವೈರಿನ ವಿಷಯಕ್ಕೆ ಜನ ಬೇಕಾದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ವೈರ್ ಸಣ್ಣ. 18 ಗೇಜ್ ವೈರಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 21 ಮಿಲಿಓಮ್, 16 ಗೇಜಿಗೆ 13. ಹೋಗಿ ಬರುವ ಉದ್ದ ಒಟ್ಟು 60 ಸೆಂಟಿಮೀಟರ್ ಎಂದುಕೊಂಡರೆ 20 ಆಂಪ್‌ಗೆ ಮೊದಲನೆಯದು 0.25 ವೋಲ್ಟ್, ಎರಡನೆಯದು 0.16 ವೋಲ್ಟ್ ತಿನ್ನುತ್ತದೆ. ವ್ಯತ್ಯಾಸ 0.1 ವೋಲ್ಟ್ ಕೂಡ ಇಲ್ಲ, ಒಂದು ಕೆಟ್ಟ ಬೆಸುಗೆ ಅದರ ಹತ್ತು ಪಟ್ಟು ತಿನ್ನುತ್ತದೆ. ಹೊಸದಾಗಿ ವೈರಿಂಗ್ ಮಾಡುವುದಾದರೆ ಸಿಲಿಕಾನ್ ಹೊದಿಕೆಯ 16 ಗೇಜ್ ತೆಗೆದುಕೊಳ್ಳಿ. ಇರುವ 18 ಗೇಜ್ ಚೆನ್ನಾಗಿದ್ದರೆ ಅದಕ್ಕಾಗಿ ಗೇರ್‌ಬಾಕ್ಸ್ ಬಿಚ್ಚಬೇಡಿ. 20 ಗೇಜ್ ಇದ್ದರೆ ಮಾತ್ರ ಬದಲಿಸುವುದು ನ್ಯಾಯ.

ಬೆಸುಗೆ

60 ವ್ಯಾಟಿನ, ಉಷ್ಣತೆ ಹೊಂದಿಸಬಹುದಾದ ಐರನ್, ಉಳಿಯ ಹಾಗೆ ಚಪ್ಪಟೆಯಾದ 3 ಮಿಲಿಮೀಟರ್ ತುದಿ, 63/37 ಅಥವಾ 60/40 ತವರ-ಸೀಸದ ರಾಳಗರ್ಭದ ಬೆಸುಗೆ ತಂತಿ, ರಾಳದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿದು ಹಿಡಿಯುವಂತೆ ಲೋಹವನ್ನು ಶುಚಿ ಮಾಡುವ ಲೇಪ), ಹೀಟ್ ಶ್ರಿಂಕ್ ಇಷ್ಟು ಬೇಕು. 63/37 ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ, ಹಾಗಾಗಿ ಕೈ ಅಲುಗಿ ಕೆಡುವ ಸಂಭವ ಕಡಿಮೆ. ಸೀಸವಿಲ್ಲದ್ದು ಕರಗಲು 217 ಡಿಗ್ರಿ ದಾಟಬೇಕು, ಈ ಕೆಲಸಕ್ಕೆ ಅದು ತುಸು ಮೊಂಡು. ನಲ್ಲಿ ಪೈಪಿಗೆ ಬಳಸುವ ಆ್ಯಸಿಡ್ ಫ್ಲಕ್ಸ್ ಖಂಡಿತ ಬೇಡ. ಇನ್ಸುಲೇಶನ್ ಅಡಿಗೆ ಇಳಿದು ಒಳಗಿಂದಲೇ ತಾಮ್ರವನ್ನು ತಿನ್ನುತ್ತದೆ.

25 ವ್ಯಾಟಿನ ಚೂಪು ತುದಿಯ ಐರನ್ ಮೆದುವಾಗಿ ಬಿಸಿ ಮಾಡುತ್ತದೆ, ಪ್ಲಾಸ್ಟಿಕ್ ಉಳಿಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆಗುವುದು ತದ್ವಿರುದ್ಧ. ಪಿನ್ ಮತ್ತು ದಪ್ಪ ವೈರ್ ಶಾಖವನ್ನು ಹೀರುತ್ತಲೇ ಇರುತ್ತವೆ, ಬೆಸುಗೆ ಹರಿಯುವ ಮಟ್ಟಕ್ಕೆ ಲೋಹ ಏರುವುದೇ ಇಲ್ಲ, ಅಷ್ಟು ಹೊತ್ತೂ ಶಾಖ ಪ್ಲಾಸ್ಟಿಕ್ಕಿಗೆ ಇಳಿಯುತ್ತಿರುತ್ತದೆ. ಕೊನೆಗೆ ಡ್ರೈ ಸೋಲ್ಡರ್ (ಲೋಹಕ್ಕೆ ಸರಿಯಾಗಿ ಹಿಡಿಯದ ಬೆಸುಗೆ) ಕೂಡ ಆಯಿತು, ಹೌಸಿಂಗ್ ಕೂಡ ಕರಗಿತು. 350ರಿಂದ 380 ಡಿಗ್ರಿಗೆ ಇಟ್ಟು ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸುವುದು ಪ್ಲಾಸ್ಟಿಕ್ಕಿಗೂ ಒಳ್ಳೆಯದು.

ಬ್ಯಾಟರಿ ಕಡೆ ಕೆಲಸ ಮಾಡುವಾಗ ಎರಡು ವೈರನ್ನು ಒಟ್ಟಿಗೆ ಕತ್ತರಿಸಲೇಬಾರದು. ಕಟರಿನ ಲೋಹ ಎರಡನ್ನೂ ಮುಟ್ಟಿದ ಕ್ಷಣವೇ ಶಾರ್ಟ್. ಒಂದನ್ನು ಕತ್ತರಿಸಿ, ಬೆಸೆದು, ಹೀಟ್ ಶ್ರಿಂಕ್ ಮುಚ್ಚಿದ ಮೇಲೆಯೇ ಇನ್ನೊಂದನ್ನು ಮುಟ್ಟಿ.

ಎಕ್ಸ್‌ಟಿ60 ಬೆಸೆಯುವ ಕ್ರಮ ಹೀಗೆ:

1. ಹೀಟ್ ಶ್ರಿಂಕ್ ತುಂಡನ್ನು ಮೊದಲೇ ವೈರಿಗೆ ಪೋಣಿಸಿ. 5 ಅಥವಾ 6 ಮಿಲಿಮೀಟರ್ ವ್ಯಾಸ, 15 ಮಿಲಿಮೀಟರ್ ಉದ್ದ. ಬಿಸಿ ತಾಗದಷ್ಟು ಹಿಂದಕ್ಕೆ ಸರಿಸಿಡಿ.

2. ಇನ್ಸುಲೇಶನ್ ಬಟ್ಟಲಿನ ಆಳದಷ್ಟು, ಅಂದರೆ 5ರಿಂದ 6 ಮಿಲಿಮೀಟರ್, ಸುಲಿಯಿರಿ. ಎಕ್ಸ್‌ಟಿ30ಗೆ 3ರಿಂದ 4 ಸಾಕು. ಎಳೆಗಳು ಕಪ್ಪಾಗಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸುತ್ತ ಹೋಗಿ. ಎಷ್ಟು ಕತ್ತರಿಸಿದರೂ ಕಪ್ಪೇ ಇದ್ದರೆ ಆ ವೈರನ್ನೇ ಬದಲಿಸಬೇಕು.

3. ಎಳೆಗಳನ್ನು ಹೊಸೆದು, ಫ್ಲಕ್ಸ್ ಸವರಿ, ಬೆಸುಗೆ ಲೇಪಿಸಿ. ಐರನ್ ಕೆಳಗಿಂದ, ಬೆಸುಗೆ ಮೇಲಿಂದ. ಬೆಸುಗೆ ಎಳೆಗಳ ನಡುವೆ ಇಳಿಯಬೇಕು, ಆದರೆ ಎಳೆಗಳ ಸಾಲು ಇನ್ನೂ ಕಣ್ಣಿಗೆ ಕಾಣುತ್ತಿರಬೇಕು. ಇನ್ಸುಲೇಶನ್ ಅಂಚಿಗೆ 1 ಮಿಲಿಮೀಟರ್ ಇರುವಾಗಲೇ ಐರನ್ ತೆಗೆಯಿರಿ. ಬೆಸುಗೆ ಇನ್ಸುಲೇಶನ್ ಅಡಿಗೆ ಹತ್ತಿದರೆ ವೈರ್ ಅಲ್ಲಿ ಕಡ್ಡಿಯಂತಾಗಿ, ಬ್ಯಾಟರಿ ತುರುಕುವಾಗ ಬಾಗಿ ಬಾಗಿ ಅದೇ ಗೆರೆಯಲ್ಲಿ ಮುರಿಯುತ್ತದೆ.

4. ಕನೆಕ್ಟರಿಗೆ ಅದರ ಇನ್ನೊಂದು ಅರ್ಧವನ್ನು ಚುಚ್ಚಿ ಮೇಜಿನ ವೈಸ್‌ನಂಥ ಹಿಡಿದಿಡುವ ಸಾಧನದಲ್ಲಿ ಸಿಕ್ಕಿಸಿ. ಅದು ಹೆಚ್ಚುವರಿ ಶಾಖ ಹೀರಿಕೊಂಡು ಪಿನ್ನುಗಳನ್ನು ನೇರ ಇಡುತ್ತದೆ. ಚುಚ್ಚುವ ಅರ್ಧ ಹಳೆಯ, ಬಿಡಿ ಕನೆಕ್ಟರ್ ಆಗಿರಲಿ. ಬ್ಯಾಟರಿಗೆ ಸೇರಿಕೊಂಡಿರುವುದನ್ನು ಎಂದೂ ಬಳಸಬೇಡಿ.

5. ಬಟ್ಟಲಿನ ಹೊರಮೈಗೆ ಐರನ್ ಒತ್ತಿ, ಒಳಗೆ ಅರ್ಧದಷ್ಟು ಬೆಸುಗೆ ತುಂಬಿ. ಐರನ್ ತೆಗೆಯದೆ, ಲೇಪಿಸಿದ ವೈರನ್ನು ಇಳಿಸಿ. ವೈರಿನ ಬೆಸುಗೆಯೂ ಬಟ್ಟಲಿನ ಬೆಸುಗೆಯೂ ಕೂಡಿ ಒಂದಾಗುವಾಗ ಮೇಲ್ಮೈ ತಟಕ್ಕನೆ ಹೊಳೆದು ಸಮತಲವಾಗುತ್ತದೆ. ಆ ಹೊಳಪು ಕಂಡ ಮೇಲೆ ಒಂದು ಸೆಕೆಂಡ್ ತಡೆದು ಐರನ್ ತೆಗೆಯಿರಿ.

6. ಗಟ್ಟಿಯಾಗುವ ತನಕ ವೈರ್ ಅಲುಗಿಸಬೇಡಿ, ಬಾಯಿಂದ ಊದಬೇಡಿ. ಐದು ಸೆಕೆಂಡಾದರೂ ಬೆಸುಗೆ ಹರಿಯದಿದ್ದರೆ ಜಗ್ಗಾಡದೆ ಬಿಟ್ಟು, ಪೂರ್ತಿ ಆರಿದ ಮೇಲೆ ಐರನ್ ತುದಿ ಒರೆಸಿ, ಫ್ಲಕ್ಸ್ ಹಾಕಿ ಮತ್ತೆ ಪ್ರಯತ್ನಿಸಿ.

7. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ತಣ್ಣಗಾದ ಮೇಲೆ ಹೀಟ್ ಶ್ರಿಂಕ್ ಎಳೆದು ಬಿಸಿ ಗಾಳಿಯಿಂದ ಕುಗ್ಗಿಸಿ. ಬಟ್ಟಲಿನ ಬುಡದಲ್ಲಿ ಲೋಹ ಕಾಣಬಾರದು.

ಡೀನ್ಸ್ ಆದರೆ ಪಟ್ಟಿಯನ್ನು ಮೊದಲು ಸಣ್ಣ ಅರದಿಂದ ಉಜ್ಜಿ, ಅದಕ್ಕೂ ವೈರಿಗೂ ಬೇರೆ ಬೇರೆಯಾಗಿ ಬೆಸುಗೆ ಲೇಪಿಸಿ, ವೈರನ್ನು ಮೇಲೆ ಮಲಗಿಸಿ ಐರನ್‌ನಿಂದ ಒತ್ತಿ. ಎರಡು ಪದರ ಕೂಡಿಕೊಂಡೊಡನೆ ಐರನ್ ತೆಗೆದು, ವೈರನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಹಿಡಿಯಿರಿ.

ಬೆಸುಗೆ ನೋಡಿ ತೀರ್ಮಾನಿಸುವುದು

ಸೀಸದ ಬೆಸುಗೆ ನಯವಾಗಿ ಹೊಳೆಯುತ್ತ, ಅಂಚಿನಲ್ಲಿ ಲೋಹಕ್ಕೆ ಇಳಿಜಾರಾಗಿ ಸೇರಿರಬೇಕು. ಎಲೆಯ ಮೇಲಿನ ನೀರಹನಿಯಂತೆ ಗುಂಡಗೆ ಕೂತಿದ್ದರೆ ಕೆಳಗಿನ ಲೋಹ ಕಾದಿಲ್ಲ, ಬೆಸುಗೆ ಅಂಟಿಲ್ಲ. ಮಂಕಾಗಿ, ಒರಟಾಗಿದ್ದರೆ ಗಟ್ಟಿಯಾಗುವಾಗ ಅಲುಗಿದೆ. ಎರಡಕ್ಕೂ ಮದ್ದು ಒಂದೇ: ಹೊಸ ಫ್ಲಕ್ಸ್ ಹಾಕಿ ಪೂರ್ತಿ ಮತ್ತೆ ಕರಗಿಸುವುದು. ಮೇಲೆ ಇನ್ನಷ್ಟು ಬೆಸುಗೆ ಪೇರಿಸಿದರೆ ದೋಷ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಬಟ್ಟಲಿರುವ ಕನೆಕ್ಟರುಗಳಲ್ಲಿ ಕಣ್ಣಿಗೆ ಬೀಳದ ದೋಷವೊಂದಿದೆ. ಮೇಲ್ಭಾಗ ಚೆನ್ನಾಗಿ ಕಂಡರೂ ಒಳಗೆ ವೈರ್ ಸುತ್ತ ಟೊಳ್ಳು ಇರಬಹುದು. ವೈರ್ ಹಿಡಿದು ಗಟ್ಟಿಯಾಗಿ ಎಳೆಯಿರಿ, ಸ್ವಲ್ಪ ತಿರುಚಿ ನೋಡಿ. ಬಟ್ಟಲಿನೊಳಗೆ ಕಿಂಚಿತ್ ಅಲುಗಿದರೂ ಮತ್ತೆ ಬೆಸೆಯಿರಿ. ಎಳೆತಕ್ಕೆ ಕಿತ್ತು ಬಂದರೆ ಬೇಸರ ಬೇಡ, ಆಟದ ನಡುವೆ ಬರುವುದಕ್ಕಿಂತ ಮೇಜಿನ ಮೇಲೆ ಬಂದದ್ದು ಒಳ್ಳೆಯದೇ.

ಪ್ಲಸ್ ಮೈನಸ್ ಖಾತರಿ

ಎಕ್ಸ್‌ಟಿ ಸಾಲಿನಲ್ಲಿ ಓರೆ ಕತ್ತರಿಸಿದ ಮೂಲೆಗಳಿರುವ ಬದಿ ಮೈನಸ್, ಚಪ್ಪಟೆ ಬದಿ ಪ್ಲಸ್. ಪ್ಲಾಸ್ಟಿಕ್ಕಿನ ಮೇಲೆ ಚಿಹ್ನೆಯೂ ಉಬ್ಬಿರುತ್ತದೆ. ಡೀನ್ಸ್‌ನಲ್ಲೂ ಚಿಹ್ನೆ ಓದಿಯೇ ಬೆಸೆಯಿರಿ. ಹಳೆಯ ತಮಿಯಾ ತೆಗೆಯುವಾಗ ಅದರ ಹೌಸಿಂಗ್ ಆಕಾರ ನೋಡಿ ಪ್ಲಸ್ ಊಹಿಸಬೇಡಿ, ವೈರಿನ ಬಣ್ಣವನ್ನೂ ಪೂರ್ತಿ ನಂಬಬೇಡಿ. ಬ್ಯಾಟರಿಗೆ ಮೀಟರ್ ಇಟ್ಟು ನೋಡಿ: ಅಂಕಿಯ ಮುಂದೆ ಮೈನಸ್ ಗುರುತು ಇಲ್ಲದಿದ್ದರೆ ಕೆಂಪು ಪ್ರೋಬ್ ಇರುವುದು ಪ್ಲಸ್.

ತಲೆಕೆಳಗಾಗಿ ಜೋಡಿಸಿದರೆ ಮಾಸ್‌ಫೆಟ್ ಇರುವ ಗನ್ನಿನಲ್ಲಿ ಅದು ಸುಟ್ಟುಹೋಗುವ ಸಾಧ್ಯತೆಯೇ ಹೆಚ್ಚು. ಮಾಸ್‌ಫೆಟ್ ಇಲ್ಲದಿದ್ದರೆ ಮೋಟರ್ ಹಿಂದಕ್ಕೆ ತಿರುಗಲು ಹೋಗುತ್ತದೆ, ಆ್ಯಂಟಿ ರಿವರ್ಸಲ್ ಲ್ಯಾಚ್ ತಡೆಯುತ್ತದೆ, ನಿಂತ ಮೋಟರ್ ಭಾರಿ ಕರೆಂಟ್ ಎಳೆಯುತ್ತ ಕಾಯುತ್ತದೆ. ಟ್ರಿಗರ್ ಒತ್ತಿದಾಗ ಗುಂಯ್ ಅಥವಾ ಟಕ್ ಎಂದಷ್ಟೇ ಕೇಳಿಸಿ ಏನೂ ಓಡದಿದ್ದರೆ ಕೂಡಲೇ ಬಿಡಿ.

ಚುಚ್ಚುವ ಮೊದಲು ಕೊನೆಯ ಪರೀಕ್ಷೆ: ಬ್ಯಾಟರಿ ಇಲ್ಲದೆ, ಟ್ರಿಗರ್ ಒತ್ತದೆ, ಗನ್ ಕಡೆಯ ಎರಡು ಪಿನ್‌ಗಳ ನಡುವೆ ಕಂಟಿನ್ಯುಟಿ ನೋಡಿ. ಇಲ್ಲಿ ಬೀಪ್ ಉಪಯೋಗಕ್ಕೆ ಬರುತ್ತದೆ. ಬಂದರೆ ಶಾರ್ಟ್ ಇದೆ, ಚುಚ್ಚಬಾರದು. ಮಾಸ್‌ಫೆಟ್ ಇಲ್ಲದ ಗನ್ನಿನಲ್ಲಿ ಟ್ರಿಗರ್ ಒತ್ತಿದಾಗ ಮಾತ್ರ ಮೋಟರ್ ಮೂಲಕ ಬೀಪ್ ಬರಬೇಕು. ಆಮೇಲೆ ಬ್ಯಾಟರಿ ಹಾಕಿ, ಮೊದಲಿನ ವೋಲ್ಟ್ ಅಳತೆಯನ್ನು ಎರಡೂ ವೈರಿಗೆ ಮತ್ತೆ ಮಾಡಿ.

ಹೊಸ ಕನೆಕ್ಟರ್ ಹಾಕಿದರೂ ಗನ್ ಸುಧಾರಿಸದಿದ್ದರೆ

ಕನೆಕ್ಟರಿನ ಅಳತೆ 0.05ರೊಳಗೆ ಬಂದಿದೆ, ಬ್ಯಾಟರಿ ಕುಸಿಯುತ್ತಿಲ್ಲ, ಆದರೂ ನಿಧಾನ. ಇದೇ ಅಳತೆಯನ್ನು ಒಳಕ್ಕೆ ಒಯ್ಯಿರಿ. ಮೊದಲ ಆರೋಪಿ ಫ್ಯೂಸ್ ಹೋಲ್ಡರ್. ಗಾಜಿನ ಫ್ಯೂಸನ್ನು ಹಿಡಿಯುವ ಸ್ಪ್ರಿಂಗ್ ತುದಿಗಳು ಕಪ್ಪಾಗಿ ಸಡಿಲವಾಗುತ್ತವೆ. ಹೋಲ್ಡರಿನ ಎರಡು ಬದಿಗೆ ಪ್ರೋಬ್ ಇಟ್ಟು ಟ್ರಿಗರ್ ಹಿಡಿದರೆ ಗೊತ್ತಾಗುತ್ತದೆ. ಹೋಲ್ಡರ್ ಸಡಿಲವಾಗಿದ್ದರೆ ಬ್ಲೇಡ್ ಫ್ಯೂಸಿಗೆ ಬದಲಿಸಿ, ಫ್ಯೂಸ್ ತೆಗೆದು ನೇರ ಬೆಸೆಯುವುದು ಬೇಡ.

ಮುಂದಿನದು ಗನ್ನಿನ ಹಿಡಿಕೆಯೊಳಗೆ ಮೋಟರಿಗೆ ಸಿಕ್ಕಿಸುವ ಚಪ್ಪಟೆ ಕ್ಲಿಪ್ಪುಗಳು. ಕೈಯಿಂದ ಸುಲಭವಾಗಿ ಜಾರಿ ಬಂದರೆ ಅವು ಸಡಿಲ. ಬ್ಯಾಟರಿ ಕಳಚಿ, ಕ್ಲಿಪ್ಪಿನ ಎರಡು ಸುರುಳಿ ಅಂಚನ್ನು ಇಕ್ಕಳದಿಂದ ತುಸು ಅಮುಕಿ, ಬಲ ಹಾಕಿ ಸಿಕ್ಕಿಸುವಷ್ಟು ಬಿಗಿ ಮಾಡಿ. ಕೆಂಪು ವೈರ್ ಮೋಟರಿನ ಕೆಂಪು ಚುಕ್ಕೆ ಅಥವಾ ಪ್ಲಸ್ ಗುರುತಿನ ಕಡೆಗೇ ಹೋಗಬೇಕು.

ಅಲ್ಲೂ ಸರಿಯಿದ್ದರೆ ಉಳಿಯುವುದು ಟ್ರಿಗರ್ ಕಾಂಟ್ಯಾಕ್ಟ್. ಮಾಸ್‌ಫೆಟ್ ಇಲ್ಲದ ಗನ್ನಿನಲ್ಲಿ ಪ್ರತಿ ಸಲವೂ ಪೂರ್ತಿ ಕರೆಂಟನ್ನು ಕಡಿಯುವುದು ಆ ಎರಡು ತಾಮ್ರದ ತುಂಡುಗಳೇ. ಕಿಡಿಯಿಂದ ಅವು ಕರಿಹಿಡಿದು ಗುಳಿ ಬೀಳುತ್ತವೆ. ಗೇರ್‌ಬಾಕ್ಸ್ ಬಿಚ್ಚಿ, ನುಣುಪು ಎಮರಿ ಕಾಗದದಿಂದ ಹೊಳಪು ಬರುವ ತನಕ ಉಜ್ಜಿ, ಆಲ್ಕೋಹಾಲ್‌ನಿಂದ ಒರೆಸಿ. ಗ್ರೀಸ್ ಅಲ್ಲಿಗೆ ತಾಗಬಾರದು. 11.1 ವೋಲ್ಟ್ ಬಳಸುವವರು ಹೇಗೂ ಗೇರ್‌ಬಾಕ್ಸ್ ಬಿಚ್ಚಿದ್ದಾಗಲೇ ಮಾಸ್‌ಫೆಟ್ ಹಾಕಿಬಿಡುವುದು ಒಳ್ಳೆಯದು. ಆಗ ಕಾಂಟ್ಯಾಕ್ಟ್ ಮೂಲಕ ಹರಿಯುವುದು ಸಂಕೇತದ ಸಣ್ಣ ಕರೆಂಟ್ ಮಾತ್ರ, ಕಿಡಿಗೆ ಅವಕಾಶವೇ ಇರುವುದಿಲ್ಲ.